ಎಂಗೇಜ್ ಲೈನು

ಗೋಡೆಗೆ ತೂತು ಕೊರೆಯುವ ಯಂತ್ರ ಮಧ್ಯೆ ಮಧ್ಯೆ ನಿಂತು, ಮುನಿಸಿಕೊಂಡು, ಕೊನೆಗೂ ಆಚೆ ಬದಿಯಲ್ಲಿ ಹೊರಬಿತ್ತು. ಸುಣ್ಣದ ಪುಡಿ ಕಂಪ್ಯೂಟರಿಗೆ ಹೊದಿಸಿದ್ದ ಹಳೇ ಬೆಡ್‌ಶೀಟಿನ ಮೇಲೆ ಉದುರಿತು. ಕುಳ್ಳಿ ಅದರ ತುದಿಗಳನ್ನು ಹಿಡಿದುಕೊಂಡು ನಿಂತೇ ಇದ್ದಳು. ಬಿಟ್ಟರೆ ಪುಡಿಯೆಲ್ಲ ಎಲ್ಲಿ ಕೀಬೋರ್ಡಿನ ಸಂದಿಗೆ ಇಳಿಯುತ್ತದೋ ಎಂಬ ಭಯ. ಅಕ್ಕನಿಗಿಂತ ಒಂದು ಗೇಣು ಎತ್ತರ ಬೆಳೆದು, ಬೈತಲೆಯ ಅಕ್ಕಪಕ್ಕ ನರೆ ಇಣುಕಿದ ಮೇಲೂ ಮನೆಯವರ ಬಾಯಲ್ಲಿ ಅವಳು ಕುಳ್ಳಿಯೇ.

"ಇಷ್ಟೇ ಮೇಡಂ," ಎಂದ ಲೈನ್‌ಮನ್, ಸಣ್ಣ ಬಿಳಿ ಡಬ್ಬಿಯೊಂದನ್ನು ಗೋಡೆಗೆ ಸಿಕ್ಕಿಸುತ್ತ. "ಈ ಕಡೆ ಫೋನು, ಈ ಕಡೆ ನೆಟ್ಟು. ಇನ್ನು ಒಂದಕ್ಕೊಂದು ಜಗಳ ಇಲ್ಲ. ದಿನವಿಡೀ ನೆಟ್ಟು ಓಡ್ತಿದ್ರೂ ಫೋನು ಬರ್ತಾನೇ ಇರುತ್ತೆ."

"ಬರ್ತಾನೇ ಇರುತ್ತಾ?"

"ಬರ್ತಾನೇ ಇರುತ್ತೆ." ಅದು ಅವಳಿಗೆ ಸಂತೋಷದ ಸುದ್ದಿ ಎಂದುಕೊಂಡು ಅವನು ಇನ್ನೊಮ್ಮೆ ಹೇಳಿದ.

ಪ್ರೆಸ್ಸಿನಲ್ಲಿ ಮಷಿನ್ ಓಡಿಸುವ ಗಂಡ ಆ ದಿನ ತಡವಾಗಿ ಹೊರಡುವವನಿದ್ದ. ಬಾಗಿಲಿಗೆ ಒರಗಿ ನಿಂತು ನಕ್ಕ. "ಅಂತೂ ನಮ್ಮನೆ ಹಳೇ ಮೋಡೆಮ್ಮಿಗೆ ಮುಕ್ತಿ ಸಿಕ್ತು. ಬೆಳಿಗ್ಗೆ ಎದ್ದರೆ ಅದರ ಕೆಮ್ಮು, ಕೊಯ್ಯೋ ಅನ್ನೋದು. ದಮ್ಮಿನ ಮುದುಕನ್ನ ಮನೇಲಿಟ್ಟುಕೊಂಡ ಹಾಗಾಗಿತ್ತು. ಇನ್ನು ನಿಮ್ಮಕ್ಕನಿಗೂ ನೀನು ಸಿಗ್ತೀಯ ಬಿಡು. ಯಾವಾಗ ಮಾಡಿದ್ರೂ ಎಂಗೇಜ್ ಅಂತಿರಲಿಲ್ವಾ."

"ಹೂಂ," ಎಂದಳು ಕುಳ್ಳಿ. ಬೆಡ್‌ಶೀಟನ್ನು ಪುಡಿ ಚೆಲ್ಲದ ಹಾಗೆ ಒಳಮುಖವಾಗಿ ಮಡಚಿ ಹಿತ್ತಲಿಗೆ ಒಯ್ದು ಕೊಡವಿದಳು. ಕೊಡವಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇದ್ದಳು.

ಡಾಕ್ಟರುಗಳು ರೋಗಿಗಳ ಬಗ್ಗೆ ಮಾತಾಡಿ ರೆಕಾರ್ಡು ಮಾಡಿದ್ದನ್ನು ಕೇಳಿ ಟೈಪು ಮಾಡಿ ಕಳಿಸುವುದು ಅವಳ ಕೆಲಸ. ಹಳೇ ಲೈನಿನಲ್ಲಿ ಒಂದೊಂದು ಫೈಲೂ ಇರುವೆ ಸಕ್ಕರೆ ಸಾಗಿಸಿದ ಹಾಗೆ ಬರುತ್ತಿತ್ತು. ಇನ್ನೇನು ಮುಗಿಯಿತು ಎನ್ನುವಾಗ ಲೈನು ಕಡಿದು, ಕೈಗೆ ಬಂದದ್ದು ಬಾಯಿಗೆ ಬರುತ್ತಿರಲಿಲ್ಲ. ವೇಗದ ಲೈನು ಇಲ್ಲದವರಿಗೆ ಇನ್ನು ಕೆಲಸ ಕಳಿಸಲಾಗುವುದಿಲ್ಲ ಎಂದು ಆಫೀಸಿನವರು ಖಡಾಖಂಡಿತವಾಗಿ ಹೇಳಿದ ಮೇಲೆ ಹೊಸದನ್ನು ಹಾಕಿಸದೆ ಗತ್ಯಂತರವಿರಲಿಲ್ಲ.

ಆದರೆ ಹಳೇ ಲೈನಿನಿಂದ ಅವಳಿಗೊಂದು ಉಪಕಾರವಿತ್ತು. ನೆಟ್ಟು ಓಡುತ್ತಿರುವಷ್ಟು ಹೊತ್ತು ಫೋನು ಬಾಯಿ ಮುಚ್ಚಿಕೊಂಡಿರುತ್ತಿತ್ತು, ಮಾಡಿದವರಿಗೆ ಎಂಗೇಜ್ ಶಬ್ದವಷ್ಟೇ ಕೇಳಿಸುತ್ತಿತ್ತು. ಊರಿನ ಆ ತುದಿಯಲ್ಲಿ ಅಕ್ಕನ ಮನೆ. ಮರೆವು ಹತ್ತಿದ ಅಮ್ಮ ಅಲ್ಲಿದ್ದಳು. ಅಮ್ಮನಿಗೆ ಈಚೆಗೆ ವಾರ, ಹೊತ್ತು, ತೀರಿಹೋದ ಅಪ್ಪ ಯಾವುದೂ ನೆನಪಿಲ್ಲ. ಕಿರಿಯ ಮಗಳ ಫೋನ್ ನಂಬರು ಮಾತ್ರ ಬೆರಳಲ್ಲಿ ಉಳಿದುಬಿಟ್ಟಿತ್ತು. ಬಾಯಲ್ಲಿ ಹೇಳು ಅಂದರೆ ಬರದು, ಫೋನಿನ ಮುಂದೆ ಕೂರಿಸಿದರೆ ಬೆರಳು ತಾನಾಗಿ ಒತ್ತುತ್ತಿತ್ತು. ಕುಳ್ಳಿ ಕೆಲಸ ಮುಗಿದ ಮೇಲೂ ಎಷ್ಟೋ ಸಲ ಲೈನು ಕಡಿಯುತ್ತಿರಲಿಲ್ಲ. ಅಡುಗೆ ಮಾಡುವಾಗ, ಬಟ್ಟೆ ಒಗೆಯುವಾಗ ಅದನ್ನು ಸುಮ್ಮನೆ ಓಡಲು ಬಿಡುತ್ತಿದ್ದಳು. ಭಾನುವಾರ ಹೋದಾಗ ಅಕ್ಕನಿಗೆ, "ಏನು ಮಾಡ್ಲಿ, ಲೈನೇ ಹಾಗೆ," ಎನ್ನುತ್ತಿದ್ದಳು. ಅದು ಪೂರಾ ಸುಳ್ಳೂ ಆಗಿರಲಿಲ್ಲ.

ಲೈನ್‌ಮನ್ ಹೋದ ಸ್ವಲ್ಪ ಹೊತ್ತಿಗೇ ಫೋನು ಬಡಿದುಕೊಂಡಿತು.

"ಕುಳ್ಳಿ, ಕೊಡೆ ತಗೊಂಡ್ಯಾ? ಮೋಡ ಆಗಿದೆ."

ಹೊರಗೆ ಸುಡುಬಿಸಿಲು. "ತಗೊಂಡಿದ್ದೀನಿ ಕಣಮ್ಮ," ಎಂದಳು. ಆ ಕಡೆ ಉಸಿರು ಹಗುರಾದದ್ದು ಕೇಳಿಸಿತು. ಎಷ್ಟೋ ದಿನದ ಮೇಲೆ ಫೋನಿನಲ್ಲಿ ಕೇಳಿದ ದನಿ, ಶಾಲೆಗೆ ಕಳಿಸುವಾಗಿನ ಅದೇ ದನಿ. ಕುಳ್ಳಿಯ ಕಣ್ಣು ಒದ್ದೆಯಾಯಿತು. ಇಷ್ಟಕ್ಕೆ ಹೆದರಿಕೊಂಡು ಕೂತಿದ್ದೆನಲ್ಲ ಎನ್ನಿಸಿತು.

ಕಣ್ಣೀರು ಒಂದೇ ದಿನದ್ದು. ಮಾರನೆಯ ದಿನ ಅಮ್ಮ ಫೋನು ಮಾಡಿದಳು, ಇಟ್ಟಳು, ಇಟ್ಟದ್ದು ಮರೆತು ಮತ್ತೆ ಮಾಡಿದಳು. ಕೊಡೆ ತಗೊಂಡ್ಯಾ. ಕುಳ್ಳಿ ಹೆಡ್‌ಫೋನ್ ತೆಗೆದು, ಎದ್ದು ಹೋಗಿ ಉತ್ತರ ಕೊಟ್ಟು, ಬಂದು ಕೂತು, ಡಾಕ್ಟರ ಮಾತನ್ನು ಹಿಂದಕ್ಕೆ ಓಡಿಸಿ ಮೊದಲಿಂದ ಕೇಳಬೇಕು. ಫೈಲುಗಳು ಈಗ ಕಣ್ಣುಮುಚ್ಚಿ ತೆಗೆಯುವುದರೊಳಗೆ ಬಂದು ರಾಶಿ ಬೀಳುತ್ತಿದ್ದವು. ಕೆಲಸ ಬೇಗ ಬರುತ್ತಿತ್ತು, ಬೇಗ ಮುಗಿಯುತ್ತಿರಲಿಲ್ಲ. "ಈಗ ವೇಗದ ಲೈನು ಇದೆಯಲ್ಲ, ಇನ್ನೂ ಸ್ವಲ್ಪ ಹೆಚ್ಚಿಗೆ ಕಳಿಸ್ತೀವಿ," ಎಂದಿದ್ದರು ಆಫೀಸಿನವರು.

ಆ ವಾರವೇ ಅವಳ ಕೆಲಸ ತಿದ್ದುವ ಮೇಲ್ವಿಚಾರಕಿ ಫೋನು ಮಾಡಿದರು. ಅವರದ್ದೂ ದಣಿದ ದನಿ. "ಡಾಕ್ಟರು ಎಡಗಡೆ ಕಿಡ್ನಿ ಅಂದಿದ್ದಾರೆ. ನೀವು ಬಲಗಡೆ ಅಂತ ಹೊಡೆದಿದ್ದೀರ. ನನ್ನ ಕಣ್ಣಿಗೆ ಬಿತ್ತು, ಸರಿಹೋಯ್ತು. ಬೀಳದೇ ಇದ್ದಿದ್ರೆ? ನೀವು ಹೀಗೆ ಮಾಡೋರಲ್ಲ. ಮನೇಲಿ ಏನಾದ್ರೂ ತೊಂದರೆನಾ?"

"ಏನಿಲ್ಲ ಮೇಡಂ. ಇನ್ನು ಹುಷಾರಾಗಿರ್ತೀನಿ."

"ಇರಿ. ಇನ್ನೊಂದು ಸಲ ಆದ್ರೆ ನನ್ನ ಕೈಯಲ್ಲಿರಲ್ಲ."

ಫೋನು ಇಟ್ಟ ಮೇಲೆ ಅವಳು ಆ ವಾಕ್ಯವನ್ನು ಹುಡುಕಿ ತೆಗೆದು ಮತ್ತೆ ಕೇಳಿದಳು. ಡಾಕ್ಟರು ಬಿಡಿಸಿ ಬಿಡಿಸಿ ಎಡ ಎಂದೇ ಹೇಳಿದ್ದರು. ಯಾರದೋ ಹೊಟ್ಟೆ, ಯಾವುದೋ ಆಪರೇಷನ್ ಟೇಬಲ್ಲಿನ ಮೇಲೆ. ಅಷ್ಟರಲ್ಲಿ ಮತ್ತೆ ಗಂಟೆ. ಕೊಡೆಗೆ ಉತ್ತರ ಕೊಟ್ಟಳು. ಆಮೇಲೆ ರಿಸೀವರನ್ನು ಅದರ ಜಾಗದಲ್ಲಿಡದೆ ಪಕ್ಕದಲ್ಲಿಟ್ಟಳು. ಅದು ಕೀರಲು ದನಿ ತೆಗೆದಾಗ ಟವೆಲ್ಲಿನಲ್ಲಿ ಸುತ್ತಿದಳು. ಸ್ವಲ್ಪ ಹೊತ್ತು ಅತ್ತು ಸುಮ್ಮನಾಯಿತು.

ಅದೇ ಅಭ್ಯಾಸವಾಯಿತು. ಗಂಡ ಆಚೆ ಹೋದ ಕೂಡಲೇ ರಿಸೀವರು ಕೆಳಗೆ, ಅವನು ಬರುವ ಹೊತ್ತಿಗೆ ಮೇಲೆ. ತಪ್ಪುಗಳು ನಿಂತವು. ಹಳೇ ಲೈನಾಗಲಿ, ಕೆಳಗಿಟ್ಟ ರಿಸೀವರಾಗಲಿ, ಅಕ್ಕನ ಮನೆಗೆ ಕೇಳಿಸುವುದು ಅದೇ ಎಂಗೇಜ್ ಶಬ್ದ ತಾನೇ ಎಂದು ಸಮಾಧಾನ ಮಾಡಿಕೊಂಡಳು. ಆದರೂ ಆಗ ತಂತಿ ಮಾಡುತ್ತಿದ್ದ ಕೆಲಸವನ್ನು ಈಗ ಅವಳ ಕೈಯೇ ಮಾಡಬೇಕಿತ್ತು.

ಒಂದು ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ತೆಗೆದರೆ ಅಕ್ಕ, ಅವಳ ಹಿಂದೆ ಅಮ್ಮ. ಅಮ್ಮನ ಒಂದು ಕಾಲಲ್ಲಿ ಅಕ್ಕನ ಚಪ್ಪಲಿ, ಇನ್ನೊಂದರಲ್ಲಿ ಭಾವನದ್ದು. ಅಕ್ಕನ ಮುಖ ಬೆವರಿ ಬಾಡಿಹೋಗಿತ್ತು.

"ಸ್ನಾನಕ್ಕೆ ಹೋಗಿದ್ದೆ," ಎಂದಳು ಅಕ್ಕ ಕುರ್ಚಿಯ ಮೇಲೆ ಕುಸಿಯುತ್ತ. "ಬಂದು ನೋಡಿದ್ರೆ ಬಾಗಿಲು ಹಾರು ಹೊಡೆದಿದೆ. ಬಸ್ ಸ್ಟಾಪಲ್ಲಿ ಸಿಕ್ಕಿದ್ಲು. ಬಂದ ಬಸ್ಸಿಗೆಲ್ಲ ಕೈ ಅಡ್ಡ ಹಾಕಿ, ಕುಳ್ಳಿ ಮನೆಗೆ ಹೋಗುತ್ತಾ ಅಂತ ಕೇಳ್ತಿದ್ಲಂತೆ."

ಕುಳ್ಳಿ ನೀರು ತಂದುಕೊಟ್ಟಳು. ಲೋಟ ತೆಗೆದುಕೊಳ್ಳುವಾಗ ಅಕ್ಕನ ಕಣ್ಣು ಮೂಲೆಯ ಸ್ಟೂಲಿನ ಮೇಲಿದ್ದ ಟವೆಲ್ಲಿನ ಮೇಲೆ ಬಿತ್ತು. ಅದರೊಳಗಿಂದ ಸುರುಳಿ ವೈರು ಇಳಿಬಿದ್ದಿತ್ತು. ಅಕ್ಕ ನೋಡಿದಳು. ನೀರು ಕುಡಿದಳು. ಮತ್ತೆ ನೋಡಿದಳು.

"ಎಷ್ಟು ದಿನದಿಂದ?"

ಕುಳ್ಳಿ ನೆಲ ನೋಡಿದಳು. "ಕೆಲಸ ಹೋಗೋ ಹಾಗಾಗಿತ್ತು ಅಕ್ಕ."

ಬೈಗುಳ ಬರಲಿ ಎಂದು ಕಾದಳು. ಬರಲಿಲ್ಲ. ಅಕ್ಕ ಸೆರಗಿನಿಂದ ಕತ್ತು ಒರೆಸಿಕೊಂಡಳು.

"ನಿಂಗೆ ಒಂದು ಹೇಳ್ಲಾ," ಎಂದಳು. "ಮೊದಲೆಲ್ಲ ನಾನೇ ಅವಳನ್ನ ಫೋನಿನ ಮುಂದೆ ಕೂರಿಸ್ತಿದ್ದೆ. ಎಂಗೇಜ್ ಇರುತ್ತೆ ಅಂತ ಗೊತ್ತಿದ್ದೇ ಕೂರಿಸ್ತಿದ್ದೆ. ರಿಸೀವರು ಕಿವಿಗಿಟ್ಟುಕೊಂಡು ಆ ಕುಂಯ್ ಕುಂಯ್ ಕೇಳ್ತಾ ಕೂತರೆ ಕೂತಳು. ಕುಳ್ಳಿ ಮಾತಾಡ್ತಿದ್ದಾಳೆ, ಮನೇಲೇ ಇದ್ದಾಳೆ, ಅಂತ ಅವಳಿಗೆ ನೆಮ್ಮದಿ. ಅಷ್ಟು ಹೊತ್ತಲ್ಲಿ ನಂದು ಸ್ನಾನ, ಅಡುಗೆ ಎಲ್ಲ ಆಗ್ತಿತ್ತು. ಕೆಲವು ಸಲ ಸುಮ್ನೆ ಹಾಸಿಗೆ ಮೇಲೆ ಬಿದ್ಕೊಳ್ತಿದ್ದೆ."

"ಮತ್ತೆ ನನ್ನ ಬೈತಿದ್ದೆಯಲ್ಲ, ಸಿಗಲ್ಲ ಅಂತ."

"ಬೈಬೇಕಲ್ಲ. ಬೈದೇ ಇದ್ರೆ ನಿಂಗೆ ಅನುಮಾನ ಬರಲ್ವಾ."

ಇಬ್ಬರಿಗೂ ಸ್ವಲ್ಪ ನಗು ಬಂತು, ಬಂದಷ್ಟೇ ಬೇಗ ಹೋಯಿತು.

"ಈಗ ಅದು ನಡೆಯಲ್ಲ," ಎಂದಳು ಅಕ್ಕ. "ಫೋನಲ್ಲಿ ನಿನ್ನ ದನಿ ಕೇಳಿಬಿಟ್ಟಳಲ್ಲ. ಆ ಶಬ್ದ ಈಗ ಸಾಕಾಗಲ್ಲ ಅವಳಿಗೆ. ಇದು ಕುಳ್ಳಿ ಅಲ್ಲ, ಕುಳ್ಳಿ ಎಲ್ಲಿ ಅಂತಾಳೆ. ಉಳಿದದ್ದೆಲ್ಲ ಮರೀತಾಳೆ, ಇದೊಂದು ಮರೆಯಲ್ಲ ನೋಡು."

ಅಮ್ಮ ಅಷ್ಟರಲ್ಲಿ ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಕೂತು, ಹೊಸ ಪೆಟ್ಟಿಗೆಯ ಮಿಣುಕು ದೀಪಗಳನ್ನು ನೋಡುತ್ತಿದ್ದಳು. ಮುಖ ಶಾಂತವಾಗಿತ್ತು. ಬಂದು ಸೇರಿದವರ ಮುಖ. ಪರದೆಯ ಮೇಲೆ ಆಫೀಸಿನವರು ಕಳಿಸಿದ ಫೈಲುಗಳು ಸಾಲಾಗಿ ಕಾಯುತ್ತಿದ್ದವು.

"ಇಲ್ಲೇ ಇರ್ಲಿ," ಎಂದಳು ಕುಳ್ಳಿ.

"ರಾತ್ರಿ ಬಂದು ಕರ್ಕೊಂಡು ಹೋಗ್ತೀನಿ."

"ರಾತ್ರಿ ಅಲ್ಲ. ಭಾನುವಾರದವರೆಗೆ ಇರ್ಲಿ. ಆಮೇಲೆ ಅರ್ಧ ವಾರ ನಿನ್ನ ಹತ್ರ, ಅರ್ಧ ವಾರ ನನ್ನ ಹತ್ರ."

"ನಿನ್ನ ಕೆಲಸ?"

"ಫೈಲು ಕಮ್ಮಿ ಕಳಿಸಿ ಅಂತ ಕೇಳ್ತೀನಿ. ಒಪ್ಪಿದ್ರೆ ಸರಿ."

ಒಪ್ಪದಿದ್ದರೆ ಏನು ಎಂದು ಅಕ್ಕ ಕೇಳಲಿಲ್ಲ. ಬೇರೆ ದಿನವಾಗಿದ್ದರೆ ಬೇಡ ಬೇಡ ಎಂದು ಶಾಸ್ತ್ರಕ್ಕಾದರೂ ಹೇಳುತ್ತಿದ್ದಳೇನೋ. ಇವತ್ತು ಅಷ್ಟು ಹೇಳುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ. "ಮಾತ್ರೆ ಊಟ ಆದ ಮೇಲೆ ಕೊಡಬೇಕು. ನುಂಗಿದಳಾ ಅಂತ ನಾಲಿಗೆ ಎತ್ತಿಸಿ ನೋಡು, ಅಡಗಿಸಿಡ್ತಾಳೆ," ಎಂದು ಹೇಳಿ ಎದ್ದಳು. ಬಾಗಿಲಲ್ಲಿ ನಿಂತು ಏನನ್ನೋ ಮರೆತವಳ ಹಾಗೆ ಕೋಣೆಯನ್ನೆಲ್ಲ ಒಮ್ಮೆ ನೋಡಿದಳು. ಏನೂ ಮರೆತಿರಲಿಲ್ಲ.

ಅಮ್ಮ ತಲೆಯೆತ್ತಲಿಲ್ಲ. "ಕುಳ್ಳಿ, ಈ ದೀಪ ಯಾಕೆ ಹೀಗೆ ಕಣ್ಣು ಹೊಡೀತಿದೆ?" ಎಂದು ಕೇಳಿದಳು.

"ಏನೋ ಬರ್ತಿದೆ ಕಣಮ್ಮ," ಎಂದು ಕುಳ್ಳಿ ಕಿಟಕಿಯ ಹತ್ತಿರ ಹೋದಳು.

ಬೀದಿಯಲ್ಲಿ ಬಿಸಿಲು ಇನ್ನೂ ಜೋರಾಗಿತ್ತು. ಅಕ್ಕ ಒಬ್ಬಳೇ ಹೋಗುತ್ತಿದ್ದಳು. ಪಕ್ಕದಲ್ಲಿ ಅಮ್ಮ ಇಲ್ಲದಿದ್ದರೂ ಸಣ್ಣ ಸಣ್ಣ ಹೆಜ್ಜೆ ಇಡುತ್ತ, ಗೋಡೆಯ ಕಡೆಯ ಜಾಗ ಬಿಟ್ಟು ಫುಟ್‌ಪಾತಿನ ಅಂಚಿನಲ್ಲಿ ನಡೆಯುತ್ತಿದ್ದಳು. ಮೂಲೆಯಲ್ಲಿ ಫುಟ್‌ಪಾತ್ ಇಳಿಯುವ ಮೊದಲು ನಿಂತಳು. ಎಡಗೈ ಮೊಣಕೈಯಲ್ಲಿ ಸ್ವಲ್ಪ ಬಾಗಿ, ಮೈಯಿಂದ ದೂರವಾಗಿ ಚಾಚಿತ್ತು. ಹಾಗೇ ಒಂದು ಕ್ಷಣ ಕಾದು, ಆಮೇಲೆ ಇಳಿದು ರಸ್ತೆ ದಾಟಿದಳು.