ಹರಕೆ ಕೋಣೆಯ ಫೋಟೊ

ಮಗಾಲಿ ಅರ್ಜೆಂಟೀನಾದವಳು. ಹದಿನಾಲ್ಕು ತಿಂಗಳಿಂದ ಬೆನ್ನಿಗೊಂದು ಚೀಲ ಏರಿಸಿಕೊಂಡು ಊರೂರು ಅಲೆಯುತ್ತಿದ್ದವಳು, ನಮ್ಮ ಕಡಲತಡಿಯ ಊರು ಸಾಲ್ವಡಾರಿಗೆ ಬಂದು ನಮ್ಮ ಮನೆಯ ಮಹಡಿ ಕೋಣೆ ಹಿಡಿದಳು. ಬಂದವರಿಗೆ ಊರು ತೋರಿಸುವುದೇ ನನ್ನ ಕಸುಬು. ಬಣ್ಣದ ಮನೆಗಳ ಏರುಬೀದಿಗಳನ್ನೆಲ್ಲ ಸುತ್ತಿಸಿ, ಗುರುವಾರ ಮಧ್ಯಾಹ್ನ ಗುಡ್ಡದ ಮೇಲಿನ ಚರ್ಚಿಗೆ ಕರೆದೊಯ್ದೆ.

ಅಲ್ಲಿಯ ಹರಕೆ ಕೋಣೆಯಲ್ಲಿ ಚಾವಣಿಯಿಂದ ಮೇಣದ ಕೈ, ಕಾಲು, ತಲೆಗಳು ತೂಗುತ್ತವೆ. ಗೋಡೆ ತುಂಬ ಸಾವಿನ ಬಾಯಿಂದ ಪಾರಾದವರು ಹರಕೆ ತೀರಿಸಲು ತೂಗುಹಾಕಿದ ತಮ್ಮ ಫೋಟೊಗಳು.

“ಇರಾಸಿ ಅಕ್ಕಾ, ಬಾ ಇಲ್ಲಿ.”

ಮಗಾಲಿ ಕರೆದಳು. ಮೊಳೆಗೆ ತೂಗಿದ್ದ ಫೋಟೊದಲ್ಲಿ ಅವಳೇ ಇದ್ದಳು. ಒದ್ದೆ ಕೂದಲು, ಮೈಮೇಲೆ ಯಾರದೋ ಕಂಬಳಿ, ಮೀನುಗಾರರ ದೋಣಿಯಲ್ಲಿ ಕೂತು ಅಳುತ್ತಾ ನಗುತ್ತಿದ್ದಳು. ಫೋಟೊ ತಿರುಗಿಸಿದರೆ ಹಿಂಬದಿಯಲ್ಲಿ ಅವಳದೇ ಕೈಬರಹ: ‘ದೋಣಿ ಮುಳುಗಿತು, ನಾನು ಉಳಿದೆ.’ ಕೆಳಗಿದ್ದ ತಾರೀಖು ನಾಡಿದ್ದು ಶನಿವಾರದ್ದು.

ಶನಿವಾರಕ್ಕೆ ಅವಳು ದ್ವೀಪಕ್ಕೆ ಹೋಗುವ ದೋಣಿಯಲ್ಲಿ ಜಾಗ ಹಿಡಿದಿದ್ದಳು.

“ನೀನು ಹೋಗಬೇಡ ಕಣೇ,” ಎಂದೆ.

“ಉಳಿದೆ ಅಂತ ತಾನೆ ಬರೆದಿರೋದು?”

“ಮುಳುಗಿತು ಅಂತಾನೂ ಬರೆದಿದೆ. ನಿನ್ನ ಕಾಲಿಗೆ ಬೀಳ್ತೀನಿ, ಬೇಡ.”

ಅವಳು ಹೋಗಲಿಲ್ಲ. ಶನಿವಾರವಿಡೀ ನನ್ನ ಅಡುಗೆಮನೆಯಲ್ಲಿ ಕೂತು ಕಿಟಕಿಯಿಂದ ಕಡಲನ್ನೇ ನೋಡಿದಳು. ಒಂದು ಅಲೆಯೂ ಏಳಲಿಲ್ಲ. ಸಂಜೆ ಆ ದೋಣಿ ಹಾಡು, ಕೇಕೆಗಳೊಂದಿಗೆ ನೆಟ್ಟಗೆ ದಡ ಸೇರಿತು.

“ನೋಡಿದ್ಯಾ? ನಿನ್ನ ಪುಕ್ಕಲುತನಕ್ಕೆ ನನ್ನ ದ್ವೀಪ ತಪ್ಪಿಹೋಯ್ತು,” ಎಂದು ಅಣಕಿಸಿದಳು. ನನಗೂ ನಗು ಬಂತು.

ಭಾನುವಾರ ಮತ್ತೆ ಚರ್ಚಿಗೆ ಹೋದೆವು. ಫೋಟೊ ಇರಲಿಲ್ಲ, ಬರೀ ಮೊಳೆ.

ಕೋಣೆ ಕಾಯುವ ಮುದುಕ ಅರ್ಲಿಂಡೊನನ್ನು ಕೇಳಿದೆ. “ಇಲ್ಲಿಂದ ಯಾರೂ ಏನೂ ತೆಗೆಯಲ್ಲ ಮಗಳೇ,” ಎಂದ. “ಉಳಿದವರದ್ದು ಇಲ್ಲೇ ಇರುತ್ತೆ.”

ಆ ಮಾತು ನನಗೆ ಆಗ ತಟ್ಟಲಿಲ್ಲ.

ಗುಡ್ಡ ಇಳಿದು ದಡಕ್ಕೆ ಬಂದಾಗ ಬಿಸಿಲು ಸುಡುತ್ತಿತ್ತು. “ಒಂದೇ ಒಂದು ಮುಳುಗು ಹಾಕಿ ಬರ್ತೀನಿ ಅಕ್ಕಾ,” ಎಂದು ಮಗಾಲಿ ಕಡಲಿಗಿಳಿದಳು. ಸೊಂಟಮಟ್ಟದ ನೀರು. ಪಕ್ಕದಲ್ಲೇ ಮಕ್ಕಳು ಚೆಂಡಾಟ ಆಡುತ್ತಿದ್ದವು. ನಾನು ಎಳನೀರು ತೆಗೆದುಕೊಂಡು ತಿರುಗುವಷ್ಟರಲ್ಲಿ ಅವಳಿರಲಿಲ್ಲ. ಕೂಗು ಕೇಳಿದವರಿಲ್ಲ, ಮುಳುಗಿದ್ದು ಕಂಡವರಿಲ್ಲ. ಮೂರು ದಿನ ಹುಡುಕಿದರೂ ಹೆಣ ಸಿಗಲಿಲ್ಲ.

ವಾರದ ಮೇಲೆ ಅವಳ ತಾಯಿ ಬಂದಳು. ಒಂದನ್ನೂ ಮುಚ್ಚಿಡದೆ ಹೇಳಿದೆ.

“ನೀನು ತಡೀದೆ ಇದ್ದಿದ್ರೆ?” ಎಂದು ಕೇಳಿದಳು.

ಆಮೇಲೆ ಅವಳೇ ನನ್ನ ಕೈ ಹಿಡಿದು, “ಆ ಕೋಣೆ ತೋರಿಸು,” ಎಂದಳು. ಕತ್ತಲಾಗುವವರೆಗೂ ಒಂದೊಂದೇ ಫೋಟೊ ತಿರುಗಿಸಿ ಮಗಳ ಕೈಬರಹ ಹುಡುಕುತ್ತಾ ಅಲ್ಲೇ ನಿಂತಿದ್ದಳು.