ಜಗುಲಿಯ ಮೇಲಿನ ಪತ್ರ

ಮುಗದ ಊರಿನ ನಮ್ಮ ಓಣಿಯಲ್ಲಿ ಸೌಮ್ಯಾ ಇಂಗ್ಲಿಷ್ ಓದತೊಡಗಿದರೆ ಹೆಂಗಸರೆಲ್ಲ ಕೆಲಸ ಬಿಟ್ಟು ಕೇಳುತ್ತಿದ್ದೆವು. ಎಲ್ಲೂ ತಡವರಿಸದೆ ಗಡಗಡ ಓದುತ್ತಿದ್ದಳು. ಅರ್ಥ ಗೊತ್ತೇ ಎಂದು ನಾವ್ಯಾರೂ ಕೇಳಲಿಲ್ಲ.

ಪಕ್ಕದ ಮನೆಯ ಹುಮಾ ಧಾರವಾಡದಲ್ಲೇ ಉಳಿದು ಬಿ.ಎ. ಓದುತ್ತಾಳೆ. ರಜೆಗೆ ಬಂದಾಗ ಅವಳು ಮೊದಲೇ ಹೇಳಿದ್ದಳು: "ಕಾಕಾ, ಸಂಜಿಕ ಸೌಮ್ಯಾನ್ನ ನಮ್ಮ ಮನಿಗೆ ಕಳಸ್ರಿ. ಶಬ್ದದ ಅರ್ಥ, ಒಂಚೂರು ವ್ಯಾಕರಣ ಕೂಡಿ ಓದೂಣು."

"ಇಷ್ಟು ಛಲೋ ಓದತಾಳಲ್ಲವಾ! ಇನ್ನೇನ ಕಲೀಬೇಕು?" ಎಂದು ಸೌಮ್ಯಾಳ ಅಪ್ಪ ಕುಬೇರಪ್ಪಣ್ಣ ನಕ್ಕುಬಿಟ್ಟರು.

ನರ್ಸ್ ಆಗಬೇಕೆಂಬುದು ಸೌಮ್ಯಾಳ ಆಸೆ. ಈ ವರ್ಷ ಹುಬ್ಬಳ್ಳಿಯ ಕಾಲೇಜೊಂದಕ್ಕೆ ಅರ್ಜಿ ಹಾಕಿದಳು. ಇಂಗ್ಲಿಷಿನಲ್ಲಿ ಪತ್ರ ಬಂತು. ಕುಬೇರಪ್ಪಣ್ಣ ತಮ್ಮ ಮನೆಯ ಕಟ್ಟೆಯ ಮೇಲೆ ಮಂದಿ ಕೂಡಿಸಿ ಓದಿಸಿದರು. ನಡುವೆ ಒಮ್ಮೆ ಅವಳು ನಿಂತು ಅಪ್ಪನ ಮುಖ ನೋಡಿದಳು.

"ಮುಂದ ಓದವಾ," ಎಂದರು.

ಓದಿ ಮುಗಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಾಯಿ ದಾನವ್ವ ನಮ್ಮ ಕೈಗೆ ಸಕ್ಕರೆ ಹಾಕಿದಳು. ಪತ್ರಕ್ಕೆ ವಿಭೂತಿ ಹಚ್ಚಿ ದೇವರ ಜಗುಲಿಯ ಮೇಲಿಟ್ಟರು. ಸೀಟು ಸಿಕ್ಕಿತು, ಇನ್ನು ಕಾಲೇಜಿನವರೇ ಕರೆಯುತ್ತಾರೆ ಎಂದುಕೊಂಡೆವು.

ಹನ್ನೆರಡು ದಿನ ಕಳೆದ ಮೇಲೆ, ಪರೀಕ್ಷೆ ಮುಗಿಸಿಕೊಂಡು ಹುಮಾ ಊರಿಗೆ ಬಂದಳು. ಜಗುಲಿಯ ಮೇಲಿದ್ದ ಪತ್ರ ಓದಿ, ಅದರ ತಾರೀಖನ್ನು ಮತ್ತೊಮ್ಮೆ ನೋಡಿದಳು.

"ಯಾಕವಾ?" ಎಂದರು ಕುಬೇರಪ್ಪಣ್ಣ.

"ಕಾಕಾ, ಏಳು ದಿನದೊಳಗ ಮೂಲ ಕಾಗದಪತ್ರ ತಗೊಂಡು ಬರ್ರಿ, ಇಲ್ಲಂದ್ರ ಸೀಟು ಬ್ಯಾರೆಯವರಿಗೆ ಕೊಡ್ತೇವಿ ಅಂತ ಬರದಾರ."

ಅಪ್ಪ ಮಗಳು ಸಿಕ್ಕ ಬಸ್ಸು ಹತ್ತಿ ಓಡಿದರು. ಸೀಟು ಹೋಗಿತ್ತು.

ಸಂಜೆ ಹುಮಾ ಮನೆಗೆ ಬಂದಾಗ ಸೌಮ್ಯಾ ಅತ್ತಳು. "ಏಳು ದಿನ ಅನ್ನೂದು ತಿಳಿದಿತ್ತಪಾ. ಯಾರು ಏನು ಮಾಡಬೇಕು ಅನ್ನೂದು ತಿಳೀಲಿಲ್ಲ. ಅಷ್ಟು ಮಂದಿ ಮುಂದ ಅರ್ಥ ಆಗಲಿಲ್ಲ ಅಂತ ಹೆಂಗ ಹೇಳಲಿ? ಆಮ್ಯಾಲೆ ಕೇಳಾಕೂ ನಾಚಿಕಿ ಬಂತು."

ಕುಬೇರಪ್ಪಣ್ಣ ಬೈಯಲಿಲ್ಲ. "ನೀ ನಿಂತಾಗ ನಾನ ಕೇಳಬೇಕಿತ್ತು. ಆದರ ಹುಮಾ, ಇಂಗ್ಲಿಷ್ ಬರಲಾರದಾಂವ ನಾ ಏನ ಕೇಳಲಿ?"

"ಇಂಗ್ಲಿಷ್ ಬೇಕಾಗಿಲ್ರಿ ಕಾಕಾ. ಒಂದೊಂದು ಸಾಲಿಗೆ 'ಹಂಗಂದ್ರ?' ಅನ್ರಿ. ಕನ್ನಡದಾಗ ಹೇಳಿದ್ರ ತಿಳದೈತಿ ಅಂತ ಅರ್ಥ. ಇಲ್ಲಂದ್ರ ಅಲ್ಲೇ ನಿಂತು ಡಿಕ್ಷನರಿ ತಗೀಬೇಕು. ಯಾರು, ಏನು ಮಾಡಬೇಕು, ಯಾವಾಗ ಅಂತ ಹುಡುಕಬೇಕು. ವ್ಯಾಕರಣ ಅಲ್ಲಿಂದನ ಶುರು."

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ನಮ್ಮದೂ ಅದೇ ಆಯಿತು. ಈಗ ದಿನಾ ಸಂಜೆ ಆ ಕಟ್ಟೆಯಿಂದ "ಹಂಗಂದ್ರ?" ಎಂಬ ದನಿ ಕೇಳುತ್ತದೆ. ಸೌಮ್ಯಾಳ ಓದು ನಿಧಾನವಾಗಿದೆ, ನಡುನಡುವೆ ನಿಲ್ಲುತ್ತದೆ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕುತ್ತಾಳಂತೆ. ಕೈತಪ್ಪಿದ ಈ ವರ್ಷ ಮಾತ್ರ ತಿರುಗಿ ಬಾರದು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗು ಇಂಗ್ಲಿಷ್ ಓದಿದಾಗ ಚಪ್ಪಾಳೆಗೆ ಮೊದಲು ಒಮ್ಮೆ "ಹಂಗಂದ್ರ?" ಎಂದು ಕೇಳಿ. ತಡವರಿಸಿದರೆ ಬೈಯಬೇಡಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಆ ದಿನ ಕಟ್ಟೆಯ ಮೇಲೆ ನಾವು ಹತ್ತು ಮಂದಿ ಇದ್ದೆವು. ಒಬ್ಬರೂ ಕೇಳಲಿಲ್ಲ.