ಬಿಟ್ಟು ಹೋದವನ ಐಡಿ

ಹಾಸ್ಟೆಲಿನ ಹುಡುಗರು ಹಲ್ಲುಜ್ಜುವುದಕ್ಕೂ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: “ಪುಷ್ಪಮ್ಮ ಬಂದ್ಲೇನೋ?” ಪುಷ್ಪಮ್ಮ ಅಂದರೆ ಅಡುಗೆಯವಳಲ್ಲ, ಇಂಟರ್ನೆಟ್ಟು.

ಶಿವಮೊಗ್ಗದ ಹೊರಗಿರುವ ಆ ಖಾಸಗಿ ವಿಶ್ವವಿದ್ಯಾಲಯದವರು ತಮ್ಮ ನೆಟ್ಟಿಗೆ ಎಂಥ ಬೇಲಿ ಬಿಗಿದಿದ್ದರೆಂದರೆ, ಟೊರೆಂಟ್ ಹಾಗಿರಲಿ, ಫೈಲು ಹಂಚಿಕೊಳ್ಳುವ ಒಂದೇ ಒಂದು ಸೈಟೂ ತೆರೆಯುತ್ತಿರಲಿಲ್ಲ. ಪ್ರಾಜೆಕ್ಟಿನ ವಿಡಿಯೊ ಯಾರಿಗಾದರೂ ಕಳಿಸಬೇಕೆಂದರೆ ಪೆನ್‌ಡ್ರೈವ್ ಜೇಬಿಗಿಟ್ಟುಕೊಂಡು ಸಿಟಿ ಬಸ್ ಹತ್ತಬೇಕು. ಹೊಸ ನಿಯಮ ಬಂದ ದಿನ ಓದುತ್ತಿದ್ದವರ ಐಡಿಗಳಿಗೆಲ್ಲ ಬೀಗ ಬಿತ್ತು. ಆದರೆ ಆ ಮಹಾ ಬುದ್ಧಿವಂತರು, ಎಂಎಸ್ಸಿಗೆ ಸೇರಿ ಎರಡೇ ತಿಂಗಳಿಗೆ ಬಿಟ್ಟು ಹೋಗಿದ್ದ ಚೌಡಯ್ಯ ಎಂಬುವವನನ್ನು ಮರೆತಿದ್ದರು. ಅವನ ಐಡಿ ತೆರೆದೇ ಇತ್ತು. ಅದರ ಪಾಸ್‌ವರ್ಡ್ ಪುಷ್ಪಮ್ಮ ಎಂದು ಅವನ ರೂಮ್‌ಮೇಟ್ ವಸಂತನಿಗೆ ಗೊತ್ತಿತ್ತು. ಕೋರ್ಸು ಮುಗಿಸಿ ಹೋಗುವಾಗ ವಸಂತ ತನ್ನ ಬಕೆಟ್ಟು, ಇಸ್ತ್ರಿಪೆಟ್ಟಿಗೆಯ ಜೊತೆ ಅದನ್ನೂ ಮಧುವಿಗೆ ಒಪ್ಪಿಸಿದ್ದ.

ಅಂದಿನಿಂದ ಮಧುವೇ ಪೂಜಾರಿ. ಅವನ ಲ್ಯಾಪ್‌ಟಾಪ್ ಹಗಲೂ ರಾತ್ರಿ ಚೌಡಯ್ಯನ ಹೆಸರಿನಲ್ಲಿ ಇಳಿಸುತ್ತಿತ್ತು, ನಲವತ್ತು ಕೋಣೆಗಳಿಗೆ ಹಂಚುತ್ತಿತ್ತು. ಸಿನಿಮಾ ಬಂತು, ಆಟ ಬಂತು, ಪಠ್ಯಪುಸ್ತಕವೂ ಬಂತು ಎನ್ನೋಣ. ಚೌಡಯ್ಯ ಯಾರು, ಎಲ್ಲಿದ್ದಾನೆ ಎಂದು ಒಬ್ಬನೂ ಕೇಳಲಿಲ್ಲ. ಹಾಗೊಬ್ಬ ಮನುಷ್ಯ ನಿಜವಾಗಿಯೂ ಇದ್ದಾನೆಂದು ಮಧುವಿಗೆ ಅನಿಸಿಯೇ ಇರಲಿಲ್ಲ.

ಕೊನೆಯ ಪರೀಕ್ಷೆಗೆ ಐದು ದಿನ ಇರುವಾಗ ಮಧು ಹಾಲ್ ಟಿಕೆಟ್ ತರಲು ಆಫೀಸಿಗೆ ಹೋದ. ಕೌಂಟರಿನಲ್ಲಿದ್ದ ಸೂಪರಿಂಟೆಂಡೆಂಟ್ ಶಾಮಲಾ ಮೇಡಂ ಅವನ ಮುಖವನ್ನೂ ನೋಡದೆ ಸಹಿ ಹಾಕಿ ಕೊಟ್ಟರು. ಅವನು ಅದನ್ನು ಮಡಚಿ ಅಂಗಿಯ ಜೇಬಿಗಿಟ್ಟುಕೊಳ್ಳುವಾಗ ಪಕ್ಕದಲ್ಲಿದ್ದ ಗಟ್ಟಿಮುಟ್ಟಾದ ಆಳೊಬ್ಬ ಕೌಂಟರಿಗೆ ಬಾಗಿದ.

“ಮೇಡಂ, ನಾನು ಚೌಡಯ್ಯ. ಸೇರುವಾಗ ಕೊಟ್ಟ ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡೆಲ್ಲ ಇಲ್ಲೇ ಇದಾವೆ. ಲೈನ್‌ಮನ್ ಕೆಲಸಕ್ಕೆ ಸೆಲೆಕ್ಟ್ ಆಗಿದೀನಿ. ನಾಳೆ ಹತ್ತು ಗಂಟೆಗೆ ತೋರಿಸದಿದ್ರೆ ಕೆಲಸ ಹೋಯ್ತು.”

ಹೊರಟಿದ್ದ ಮಧು ತಿರುಗಿ ನೋಡಿದ.

ಮೇಡಂ ಕಂಪ್ಯೂಟರ್ ನೋಡಿದರು, ಕನ್ನಡಕ ಸರಿಪಡಿಸಿಕೊಂಡು ಇನ್ನೊಮ್ಮೆ ನೋಡಿದರು. “ಕೊಡಕ್ಕಾಗಲ್ಲಪ್ಪ. ನಿನ್ನ ಐಡೀಲಿ ಕದ್ದು ಫೈಲ್ ಇಳಿಸಿದಾರೆ, ಒಂದಲ್ಲ ಎರಡಲ್ಲ. ನಿನ್ನ ಕಾರ್ಡು ಕೊಡದಂಗೆ ಕಂಪ್ಯೂಟರ್ ಸೆಕ್ಷನ್‌ನವರು ತಡೆ ಹಾಕಿದಾರೆ. ಮುಂದಿನ ತಿಂಗಳು ಶಿಸ್ತು ಸಮಿತಿ ಸೇರುತ್ತೆ, ಆಗ ಬಾ.”

“ಮೂರು ವರ್ಷದಿಂದ ಭದ್ರಾವತೀಲಿ ಲಗೇಜ್ ಆಟೋ ಓಡಿಸ್ತಿದೀನಿ ಮೇಡಂ! ಇಲ್ಲಿಗೆ ಕಾಲೇ ಇಟ್ಟಿಲ್ಲ!”

“ಹಾಗಂತ ಅರ್ಜಿ ಬರ್ಕೊಡು. ನೀನೇ ಮಾಡಿದ್ದು ಅಂತ ಒಪ್ಕೊಂಡು ಕ್ಷಮೆ ಕೇಳಿದ್ರೆ ಇವತ್ತೇ ಕೊಡಬಹುದು. ಆದ್ರೆ ನಡತೆ ಪತ್ರದಲ್ಲಿ ಅದನ್ನ ಬರೀಲೇಬೇಕಾಗುತ್ತೆ.”

ಕಳ್ಳ ಅಂತ ಬರೆದ ನಡತೆ ಪತ್ರ ಹಿಡಿದು ಸರ್ಕಾರಿ ಕೆಲಸಕ್ಕೆ ಹೋಗುವುದು ಎಲ್ಲಿಗೆ? ಹಿಂದೆ ಹೋದರೂ ಬಾವಿ, ಮುಂದೆ ಹೋದರೂ ಬಾವಿ. ಬಾಗಿಲು ಮಧುವಿನಿಂದ ನಾಲ್ಕೇ ಹೆಜ್ಜೆ ದೂರದಲ್ಲಿತ್ತು. ಯಾರೂ ಅವನನ್ನು ಹಿಡಿದಿರಲಿಲ್ಲ. ಆದರೂ ಅವನು ಹೊರಗೆ ಹೋಗಲಿಲ್ಲ. ಮೂಲೆಗೆ ಸರಿದು ವಸಂತನಿಗೆ ಫೋನ್ ಮಾಡಿದ. “ಸುಮ್ನೆ ಜಾಗ ಖಾಲಿ ಮಾಡು ಮಾರಾಯ,” ಅಂದ ವಸಂತ. “ನಿನ್ನ ಹೆಸರು ಎಲ್ಲೂ ಇಲ್ಲ.”

ಮಾತು ನಿಜವಾಗಿತ್ತು. ಮಧು ಫೋನ್ ಜೇಬಿಗಿಟ್ಟ.

“ಏನಪ್ಪಾ, ಓದೋ ಹುಡುಗ,” ಎಂದು ಬೆಂಚಿನಿಂದ ಯಾರೋ ಕರೆದರು. ಊರುಗೋಲು ಮಡಿಲಿಗೊರಗಿಸಿಕೊಂಡು ಒಬ್ಬ ಹೆಂಗಸು ಕೂತಿದ್ದರು. “ಇವನು ಪೆನ್ನು ಹಿಡಿದು ಮೂರು ವರ್ಷ ಆಯ್ತು. ಒಂದು ಅರ್ಜಿ ನೀನೇ ಬರ್ಕೊಡ್ತೀಯಾ? ನನ್ನ ಮಗ ಒಳ್ಳೆಯವನೇ. ನಾನು ಬಿದ್ದು ಸೊಂಟ ಮುರ್ಕೊಂಡೆ, ನೋಡ್ಕೊಳ್ಳಕ್ಕೆ ಯಾರೂ ಇರ್ಲಿಲ್ಲ, ಓದು ಬಿಟ್ಟ. ಇಲ್ಲಿ ಸಿಟ್ಟಲ್ಲಿ ಬಾಯಿ ಮಾಡ್ತಾನೆ ಅಂತ ನಾನೂ ಬಂದೆ.”

ಮಧು ಹಾಳೆ ತೆಗೆದುಕೊಂಡು ಪಕ್ಕದಲ್ಲಿ ಕೂತ. ಅವರು ಚೀಲದಿಂದ ಎರಡು ಚಕ್ಕುಲಿ ತೆಗೆದು ಅವನ ಕೈಗಿಟ್ಟರು. “ತಿನ್ನು. ಯಾವೂರು ನಿಂದು?”

“ಭದ್ರಾವತಿ, ನ್ಯೂ ಟೌನ್.”

“ನಮ್ಮೂರವನೇ! ನೋಡು ಚೌಡ, ನಮ್ಮೂರ ಹುಡುಗನೇ ಸಿಕ್ಕಿದ.”

ಅರ್ಜಿಯ ಮೇಲ್ಭಾಗದಲ್ಲಿ ಹೆಸರು, ಊರು ಬರೆದ ಮಧು, ತಲೆ ಎತ್ತದೆ ಕೇಳಿದ: “ತಾಯಿ ಹೆಸರು?”

“ಪುಷ್ಪಮ್ಮ,” ಅಂದರು ಅವರು.

ಪೆನ್ನು ಅಲ್ಲೇ ನಿಂತಿತು. ಈ ಹೆಸರನ್ನು ನಲವತ್ತು ಕೋಣೆಗಳಲ್ಲಿ ಎಷ್ಟು ಸಲ ಕೂಗಿದ್ದರು! ಪುಷ್ಪಮ್ಮ ಇವತ್ತು ನಿಧಾನ. ಪುಷ್ಪಮ್ಮ ಬಿದ್ಲು. ಬಿದ್ದಾಗ ಎಲ್ಲರೂ ಹೋ ಎಂದು ನಗುತ್ತಿದ್ದರು, ಮಧು ಎಲ್ಲರಿಗಿಂತ ಜೋರಾಗಿ. ತಿನ್ನದ ಚಕ್ಕುಲಿಯನ್ನು ಬೆಂಚಿನ ಮೇಲಿಟ್ಟ. ನಾಚಿಕೆಯಿಂದ ಕಿವಿಯೆಲ್ಲ ಉರಿಯಿತು.

ಅವನು ಎದ್ದು ಕೌಂಟರಿಗೆ ಹೋದ. “ಮೇಡಂ, ಅವರಲ್ಲ. ಆ ಐಡಿ ಬಳಸ್ತಿದ್ದಿದ್ದು ನಾನು.”

ಮೇಡಂ ಅವನ ರಿಜಿಸ್ಟರ್ ನಂಬರ್ ಹಾಕಿ ನೋಡಿ ನಕ್ಕರು. “ನಿನ್ನ ಹೆಸರಲ್ಲಿ ಎರಡು ವರ್ಷದಿಂದ ಒಂದು ಫೈಲೂ ಇಳಿದಿಲ್ಲ. ಕಾಲೇಜಿಗೇ ನೀನು ಬಂಗಾರದಂಥ ಹುಡುಗ. ಊರವನು ಅಂತ ಮರುಕ ಬಂತಾ? ಪರೀಕ್ಷೆ ಹೊತ್ತಲ್ಲಿ ಇಲ್ಲದ ಉಸಾಬರಿ ಮೈಮೇಲೆ ಎಳ್ಕೋಬೇಡ. ಹೋಗು.”

ಮತ್ತೆ ಬಾಗಿಲು ತೆರೆದಂತಾಯಿತು. ಈಗ ಹೋದರೆ ಒಪ್ಪಿಕೊಂಡೆ, ನಂಬಲಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಬಹುದು. ಮಧುವಿಗೆ ಆ ಆಸೆ ಬಂತು, ಬರಲಿಲ್ಲ ಅಂದರೆ ಸುಳ್ಳು. ಚೌಡಯ್ಯ ಅವನನ್ನೇ ದಿಟ್ಟಿಸುತ್ತಿದ್ದ.

ಮಧು ಹಾಲ್ ಟಿಕೆಟ್ ತೆಗೆದು ಕೌಂಟರಿನ ಮೇಲಿಟ್ಟ. “ಅವರ ಐಡೀಲಿ ಲಾಗಿನ್ ಆಗಿ ನೋಡಿ ಮೇಡಂ. ಈಗ ಯಾರ ಲ್ಯಾಪ್‌ಟಾಪ್ ಓಡ್ತಿದೆ ಅಂತ ಅದೇ ತೋರಿಸುತ್ತೆ. ನನ್ನ ಹೆಸರೇ ಇರುತ್ತೆ.”

ಮೇಡಂ ಅವರ ನಗು ನಿಂತಿತು. ಕೀಬೋರ್ಡ್ ಹತ್ತಿರಕ್ಕೆ ಎಳೆದುಕೊಂಡರು. “ಪಾಸ್‌ವರ್ಡ್?”

ಮಧು ತುಟಿಯೊಳಗೇ ಹೇಳಿದ.

“ಫ್ಯಾನ್ ಸದ್ದಲ್ಲಿ ಏನೂ ಕೇಳಿಸ್ತಿಲ್ಲ. ಜೋರಾಗಿ ಹೇಳು.”

“ಪುಷ್ಪಮ್ಮ,” ಅಂದ ಮಧು.

ಚೌಡಯ್ಯ ಗೋಡೆಗೆ ಒರಗಿದ. ಹಿಂದೆ ಊರುಗೋಲು ನೆಲಕ್ಕೆ ತಾಗಿದ ಸದ್ದಾಯಿತು. ಹೆಸರು ಕರೆದಾಗ ಬನ್ನಿ ಎಂದು ಯಾರೋ ಬೆಳಿಗ್ಗೆಯೇ ಆ ತಾಯಿಗೆ ಹೇಳಿ ಕೂರಿಸಿದ್ದರಂತೆ. ಸೊಂಟ ಹಿಡಿದುಕೊಂಡು, ಬೆಂಚಿಗೆ ಕೈ ಊರಿ, ಅವರು ನಿಧಾನವಾಗಿ ಏಳುತ್ತಿದ್ದರು.

“ಬಂದೆ ಮೇಡಂ,” ಅಂದರು. “ಒಂಚೂರು ತಡ ಆಗುತ್ತೆ. ಬೈಬೇಡಿ.”